ಸಹಾಯ ಬೇಕು: 9ನೇ ಕ್ಲಾಸಿನ ಮಗಳಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇರಬಹುದಾ? ಧಾರವಾಡಕ್ಕೆ ಹೋಗಲೋ, ಬೆಂಗಳೂರಿಗೋ?

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿ ಕಡೆಯವರು. ಮಗಳಿಗೆ 14 ವರ್ಷ. ಗಲಾಟೆ ಮಾಡುವ ಹುಡುಗಿಯಲ್ಲ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಪುಸ್ತಕ ಹಿಡಿದು ಕೂರುತ್ತಾಳೆ, ಪುಟ ಮಾತ್ರ ಮುಂದೆ ಹೋಗುವುದಿಲ್ಲ. ಚೆನ್ನಾಗಿ ಗೊತ್ತಿರುವ ಲೆಕ್ಕದಲ್ಲೇ ಪ್ಲಸ್ಸು ಮೈನಸ್ಸು ತಪ್ಪುತ್ತಾಳೆ. ಕಂಪಾಸ್ ಬಾಕ್ಸು, ನೀರಿನ ಬಾಟಲಿ ಎಲ್ಲೆಲ್ಲೋ ಬಿಟ್ಟು ಬರುತ್ತಾಳೆ. ಮೂರನೇ ಕ್ಲಾಸಿನಿಂದಲೂ ಹೀಗೇ. ಶಾಲೆಯಲ್ಲಿ ಸೋಮಾರಿ ಅಂತಾರೆ. ಈಗ ಅವಳೇ "ಅಮ್ಮಾ, ನಾನು ದಡ್ಡಿ" ಅನ್ನತೊಡಗಿದ್ದಾಳೆ. ಅದನ್ನು ಕೇಳಲು ಆಗುತ್ತಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ, ಮಕ್ಕಳ ಮನೋವೈದ್ಯರಿಗೆ ತೋರಿಸಿ ಎಂದರು. ರಕ್ತಪರೀಕ್ಷೆ, ಸ್ಕ್ಯಾನಿನಿಂದ ಇದು ತಿಳಿಯುವುದಿಲ್ಲ. 12 ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವಾ, ಮನೆ, ಶಾಲೆ ಎರಡೂ ಕಡೆ ಕಾಣುತ್ತವಾ ಎಂದು ವಿಚಾರಿಸಿಯೇ ಡಾಕ್ಟರು ನಿರ್ಧರಿಸುವುದು. ಅದಕ್ಕಾಗಿ ಹಳೇ ಮಾರ್ಕ್ಸ್ ಕಾರ್ಡು, ನೋಟ್‌ಬುಕ್ಕು ಎಲ್ಲ ತೆಗೆದಿಟ್ಟಿದ್ದೇನೆ.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಈ ವಯಸ್ಸಿನ ಮಕ್ಕಳನ್ನು ತೋರಿಸಿದವರಿದ್ದೀರಾ? ಇಲ್ಲಾ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗುವುದು ಒಳ್ಳೆಯದಾ? ಎಷ್ಟು ಸಲ ಓಡಾಡಬೇಕಾಯಿತು? ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯಿಂದ ಹಸಿವು, ನಿದ್ದೆ ಕಡಿಮೆಯಾಗಬಹುದು ಎಂದು ಓದಿದೆ. ನನ್ನ ಮಗಳು ಮೊದಲೇ ಸಣಕಲಿ. ಕೊಟ್ಟವರು ಊಟದ ಹೊತ್ತನ್ನು ಹೇಗೆ ಹೊಂದಿಸಿಕೊಂಡಿರಿ? ಹುಬ್ಬಳ್ಳಿಯ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದಾ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಯಾರಿಗಾದರೂ ಸಿಕ್ಕಿದ್ದರೆ ಯಾವ ಸರ್ಟಿಫಿಕೇಟ್ ಕೊಟ್ಟಿರಿ, ದಯವಿಟ್ಟು ತಿಳಿಸಿ.

ಮೊಬೈಲ್ ಕಿತ್ತುಕೊಳ್ಳಿ, ಎರಡು ಏಟು ಕೊಡಿ ಎಂಬ ಸಲಹೆ ಮಾತ್ರ ಬೇಡ.