ಒಬ್ಳೇ ಮಗಳಾದ್ರೂ ವೀಟಾಗೆ ನೋಲ್ ಮನೆ ಯಾಕೆ ಸಿಗಲಿಲ್ಲ?

ಕುಂಬ್ಳೆ_ಓದುಗಿ
ಎಲ್ಲರಿಗೂ ನಮಸ್ಕಾರ. ನಾನು ಎಂಎ ಇಂಗ್ಲಿಷ್ ಮಾಡ್ತಾ ಇದ್ದೇನೆ, ಪ್ಲಸ್ ಟೂ ವರೆಗೆ ಕನ್ನಡ ಮೀಡಿಯಂ. ಈ ಸೆಮಿಸ್ಟರಲ್ಲಿ ವರ್ಜೀನಿಯಾ ವೂಲ್ಫ್ ಬರೆದ ಒರ್ಲ್ಯಾಂಡೊ ಅಂತ ಕಾದಂಬರಿ ಉಂಟು. ಅದರಲ್ಲಿ ಬರುವ ದೊಡ್ಡ ಮನೆ ನಿಜವಾಗಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಉಂಟಂತೆ, ನೋಲ್ ಅಂತ ಹೆಸರು, ವೂಲ್ಫ್‌ನ ಗೆಳತಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಹುಟ್ಟಿ ಬೆಳೆದದ್ದು ಅಲ್ಲೇ, ಹೆಣ್ಣಾದ ಕಾರಣ ಅವಳಿಗೆ ಸಿಗಲಿಲ್ಲ ಅಂತ ಕ್ಲಾಸಲ್ಲಿ ಹೇಳಿ ಮುಂದಕ್ಕೆ ಹೋದ್ರು. ಒಬ್ಳೇ ಮಗಳು ಇರುವಾಗ ಮನೆ ಬೇರೆ ಯಾರಿಗೆ ಹೋಗುದು? ಮತ್ತೆ ಆ ಮನೆತನದಲ್ಲಿ ಮೊದಲಿಂದಲೂ ಬರೆಯುವವರು ಇದ್ರಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನೀರ್ಚಾಲು_ಮೇಷ್ಟ್ರು
ತಂಗೀ, ಇದ್ರು. ಥಾಮಸ್ ಸ್ಯಾಕ್‌ವಿಲ್ ಅಂತ, ಮುಂದೆ ಎಲಿಜಬೆತ್ ರಾಣಿಯ ಖಜಾನೆ ನೋಡಿಕೊಂಡವ, ಪ್ರಾಯದಲ್ಲಿ ಥಾಮಸ್ ನಾರ್ಟನ್ ಜೊತೆ ಸೇರಿ ಗಾರ್ಬೊಡಕ್ ಅಂತ ನಾಟಕ ಬರೆದ, 1562ರಲ್ಲಿ ರಾಣಿಯ ಎದುರೇ ಆಡಿದ್ರು. ಇಂಗ್ಲಿಷಿನ ಮೊದಲ ಬ್ಲ್ಯಾಂಕ್ ವರ್ಸ್ (ಪ್ರಾಸವಿಲ್ಲದ ಪದ್ಯ) ದುರಂತ ನಾಟಕ ಅದು, ಶೇಕ್ಸ್‌ಪಿಯರ್ ಹುಟ್ಟಿದ್ದೇ 1564ರಲ್ಲಿ. ಕತೆ ಎಂತ ಗೊತ್ತುಂಟಾ? ಅರಸ ತಾನು ಬದುಕಿರುವಾಗಲೇ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡ್ತಾನೆ, ತಮ್ಮ ಅಣ್ಣನನ್ನು ಕೊಲ್ತಾನೆ, ಆ ಸಂಕಟದಲ್ಲಿ ತಾಯಿ ತಮ್ಮನನ್ನು ಕೊಲ್ತಾಳೆ, ಕಡೆಗೆ ಜನ ದಂಗೆ ಎದ್ದು ಅರಸ ರಾಣಿ ಇಬ್ಬರನ್ನೂ ಮುಗಿಸ್ತಾರೆ. ಈ ಮನೆತನದ ಸಾಹಿತ್ಯ ಶುರುವಾದದ್ದೇ ಪಾಲಿನ ಜಗಳದಿಂದ ಅಂತ ನನಗೆ ಯಾವಾಗ್ಲೂ ಅನಿಸುದು.

ಆ ಥಾಮಸ್ ಸ್ಯಾಕ್‌ವಿಲ್‌ನ ಮೊಮ್ಮಗನ ಹೆಂಡತಿ ಆನ್ ಕ್ಲಿಫರ್ಡ್. ಅವಳೂ ಒಬ್ಳೇ ಮಗಳು, 1605ರಲ್ಲಿ ಅಪ್ಪ ತೀರಿಹೋಗುವಾಗ ತನ್ನ ಜಾಗವೆಲ್ಲ ತನ್ನ ತಮ್ಮನ ಹೆಸರಿಗೆ ಬರೆದಿಟ್ಟು ಹೋಗಿದ್ದ. ಹಣ ತಕ್ಕೊಂಡು ಸುಮ್ಮನಾಗು ಅಂತ ಗಂಡ ಹೇಳಿದ, ಜೇಮ್ಸ್ ರಾಜನೇ ಕರೆಸಿ ಹೇಳಿದ, ಅವಳು ಒಪ್ಪಲಿಲ್ಲ. ನೋಲ್‌ನಲ್ಲಿ ಕೂತು ಡೈರಿ ಬರೆದಳು. ಚಿಕ್ಕಪ್ಪನೂ ಅವನ ಮಗನೂ ತೀರಿಹೋಗಿ 1643ರಲ್ಲಿ ಜಾಗ ಅವಳಿಗೆ ಬಂತು, ಅಷ್ಟರಲ್ಲಿ ಅಪ್ಪ ತೀರಿಹೋಗಿ 38 ವರ್ಷ ಆಗಿತ್ತು.

ನೋಲ್‌ನ ಆಸ್ತಿ ಗಂಡುಸಂತತಿಗೆ ಮಾತ್ರ ಹೋಗುವ ಹಾಗೆ ಹಿಂದಿನವರು ಕಟ್ಟಿ ಹಾಕಿದ್ರು. 1928ರ ಜನವರಿಯಲ್ಲಿ ವೀಟಾನ ಅಪ್ಪ ತೀರಿಕೊಂಡಾಗ ಮನೆ, ಲಾರ್ಡ್ ಪದವಿ ಎರಡೂ ಅವಳ ಚಿಕ್ಕಪ್ಪ ಚಾರ್ಲ್ಸ್‌ಗೆ ಹೋಯ್ತು. ಅದೇ ಅಕ್ಟೋಬರಿಗೆ ಒರ್ಲ್ಯಾಂಡೊ ಬಂತು, ಒಳಗೆ ವೀಟಾನದ್ದೇ ಫೋಟೋಗಳು. ಕಾನೂನು ತೆಗೆದುಕೊಂಡ ಮನೆಯನ್ನು ಗೆಳತಿ ಪುಸ್ತಕದಲ್ಲಿ ತಿರುಗಿ ಕೊಟ್ಟದ್ದು. ಎಷ್ಟು ಸಲ ಪಾಠ ಮಾಡಿದ್ರೂ ಇಲ್ಲಿ ನನ್ನ ಗಂಟಲು ಕಟ್ತದೆ.

ಮಂಜೇಶ್ವರದವಳು
ಮೇಷ್ಟ್ರೇ, ಓದಿ ಹೊಟ್ಟೆ ಉರೀತು. ನಮ್ಮದು ಅಳಿಯಕಟ್ಟು, ತಾಯಿ ಕಡೆಯಿಂದ ಆಸ್ತಿ ಬರುವ ಪದ್ಧತಿ, ಹೆಣ್ಣು ಹುಟ್ಟಿದ್ರೆ ಕುಟುಂಬ ಉಳೀತು ಅಂತ ಲೆಕ್ಕ. ಅಜ್ಜಿಯ ಪತ್ತಾಯದ (ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ) ಬೀಗದ ಕೈ ಈಗ ಅಮ್ಮನ ಹತ್ರ ಉಂಟು, ಅಂಗೈಯಷ್ಟು ಉದ್ದದ ಕಬ್ಬಿಣದ್ದು, ಹಿಡಿಯುವಲ್ಲಿ ಸವೆದು ನುಣ್ಣಗೆ ಆಗಿದೆ. ಕೇರಳದಲ್ಲಿ 1975ರ ಕೂಡುಕುಟುಂಬ ರದ್ದತಿ ಕಾಯ್ದೆ ಬಂದಮೇಲೆ ನಮ್ಮದೂ ಪಾಲಾಯ್ತು, ಪತ್ತಾಯವೂ ಹೋಯ್ತು, ಕೀ ಮಾತ್ರ ಅಮ್ಮ ಬಿಡಲಿಲ್ಲ. ವೀಟಾ ನಮ್ಮ ಊರಲ್ಲಿ ಹುಟ್ಟಿದ್ರೆ ಮನೆ ಬಿಟ್ಟು ಹೋಗ್ಬೇಕಿರ್ಲಿಲ್ಲ.

ನೀರ್ಚಾಲು_ಮೇಷ್ಟ್ರು
ಅಕ್ಕ, ಒಂದು ತಿದ್ದುಪಡಿ. ಅಳಿಯಕಟ್ಟಲ್ಲಿ ಮಗಳಿಗೆ ಬರುದು ತಾಯಿಯ ಮನೆ, ಅಪ್ಪನದ್ದಲ್ಲ. ನೋಲ್ ಆಗಲೂ ಅವಳದ್ದಾಗ್ತಿರ್ಲಿಲ್ಲ. ವೀಟಾನ ತಾಯಿ ವಿಕ್ಟೋರಿಯಾ, ಆಕೆಯ ತಾಯಿ ಪೆಪಿಟಾ, ಸ್ಪೇನಿನ ಮಾಲಗಾದಲ್ಲಿ ಕ್ಷೌರಿಕನ ಮಗಳಾಗಿ ಹುಟ್ಟಿ ಯುರೋಪಿಗೇ ಹೆಸರಾದ ನರ್ತಕಿ. ಅವಳಿಗೂ ವೀಟಾನ ಅಜ್ಜನಿಗೂ ಮದುವೆಯೇ ಆಗಿರ್ಲಿಲ್ಲ, ಮಕ್ಕಳಿಗೆ ಹಕ್ಕು ಉಂಟಾ ಇಲ್ವಾ ಅಂತ 1910ರಲ್ಲಿ ಲಂಡನಿನ ಕೋರ್ಟಲ್ಲಿ ಕೇಸು ನಡೆದಿತ್ತು. ನಮ್ಮ ಲೆಕ್ಕದಲ್ಲಿ ವೀಟಾ ಪೆಪಿಟಾನ ಕುಟುಂಬದವಳು. 1937ರಲ್ಲಿ ಆ ಅಜ್ಜಿಯ ಮೇಲೇ ಒಂದು ಪುಸ್ತಕ ಬರೆದಳು, ಪೆಪಿಟಾ ಅಂತಲೇ ಹೆಸರು. ಸಿಕ್ಕಿದ್ರೆ ಅದನ್ನೂ ಓದಿ.

ಕುಂಬ್ಳೆ_ಓದುಗಿ
ತುಂಬಾ ಉಪಕಾರ ಆಯ್ತು ಸರ್, ಅಕ್ಕ. ಕಾದಂಬರಿಯಲ್ಲಿ ಗಂಡಾಗಿದ್ದ ಒರ್ಲ್ಯಾಂಡೊ ಹೆಣ್ಣಾಗಿ ಊರಿಗೆ ವಾಪಸ್ ಬಂದಾಗ ಆಸ್ತಿ ಮೇಲೆ ಕೇಸುಗಳು ಬಿದ್ದಿರ್ತವಲ್ಲ, ಆ ಭಾಗ ಪರೀಕ್ಷೆಗೆ ಬರ್ಲಿಕ್ಕಿಲ್ಲ ಅಂತ ಬೇಗ ಬೇಗ ಓದಿ ಬಿಟ್ಟಿದ್ದೆ. ಇವತ್ತು ರಾತ್ರಿ ಅದನ್ನೇ ಪುನಃ ಓದ್ತೇನೆ.