ಪದಚರ್ಚೆ: ಪರದೆಯ ‘ಅಂಚು’ ಅಂದರೆ ಯಾವುದು? ಹೆಮ್ಮಿಂಗ್‌ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಬಟ್ಟೆಯ ಬದಿಯನ್ನು ಒಳಗೆ ಮಡಚಿ ಹೊಲಿದ ಭಾಗಕ್ಕೆ ಒಂದು ಪದ ಬೇಕಾಗಿದೆ. ಮೂರು ವಾರದಿಂದ ಹುಡುಕುತ್ತಿದ್ದೇನೆ, ಸಿಕ್ಕಿದ್ದು ಯಾವುದೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಹುಟ್ಟೂರು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಭಾನುವಾರ ಮಧ್ಯಾಹ್ನ ಅಕ್ಕಪಕ್ಕದ ಏಳೆಂಟು ಹೆಂಗಸರು ಬರುತ್ತಾರೆ, ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ಅವರಲ್ಲಿ ಅರ್ಧ ಜನರ ಮನೆಮಾತು ಕೊಂಕಣಿ, ಇಬ್ಬರದ್ದು ಮರಾಠಿ, ಉಳಿದವರದ್ದು ಕನ್ನಡ. ಎಲ್ಲರಿಗೂ ಓದಲು ಬರುವುದು ಮಾತ್ರ ಕನ್ನಡವೇ. ಅವರು ಪದೇ ಪದೇ ಕೇಳುವುದು ರವಿಕೆ ಬಗ್ಗೆ ಅಲ್ಲ, ಪರದೆ ಬಗ್ಗೆ. ಅಂಗಡಿಯಲ್ಲಿ ಸಿಗುವ ಸಿದ್ಧ ಪರದೆ ಸಾಮಾನ್ಯವಾಗಿ 5 ಅಡಿ, 7 ಅಡಿ, 9 ಅಡಿ, ಹೀಗೆ ಮೂರು ಉದ್ದದಲ್ಲಿ ಬರುತ್ತದೆ. ನಮ್ಮ ಬಾಗಿಲು ಕಿಟಕಿಗಳು ಆ ಲೆಕ್ಕ ನೋಡಿ ಕಟ್ಟಿದವಲ್ಲ. ಹಳೆ ಮನೆಯ ದಾರಂದ ತಲೆ ಬಗ್ಗಿಸಿ ದಾಟುವಷ್ಟು ಕೆಳಗಿರುತ್ತದೆ, ಮೇಲಿಂದ ಗೇಣು ಎತ್ತರದ ಹೊಸ್ತಿಲು ಬೇರೆ. ಏಳು ಅಡಿಯ ಪರದೆ ತಂದು ಹಾಕಿದರೆ ನೆಲ ಗುಡಿಸುತ್ತದೆ. ಮಳೆಗಾಲ ಶುರುವಾದ ಮೇಲೆ ನೆಲಕ್ಕೆ ತಾಗಿದ ಬಟ್ಟೆಯ ಗತಿ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನೆಲದ ಶೀತ ಎಳೆದುಕೊಂಡು ಹದಿನೈದೇ ದಿನಕ್ಕೆ ಕೆಳಗಡೆ ಕಪ್ಪು ಕಪ್ಪು ಬೂಸ್ಟು ಹಿಡಿಯುತ್ತದೆ.

ಹಾಗಾಗಿ ‘ಉದ್ದ ಪರದೆಯನ್ನು ಮನೆಯಲ್ಲೇ ಗಿಡ್ಡ ಮಾಡುವುದು’ ಅಂತ ನಾಲ್ಕು ಪುಟದ ಒಂದು ಬರಹ ಮಾಡಿ, ಜೆರಾಕ್ಸ್ ತೆಗೆಸಿ ಹಂಚಿದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಕೆಳಗಿನ ಅಂಚನ್ನು ಕತ್ತರಿಸಿ ತೆಗೆದು, ಹೊಸ ಅಂಚು ಹೊಲಿಯಿರಿ.’

ನಮ್ಮ ಗುಂಪಿನ ಒಬ್ಬಳು ಕಿಟಕಿಗೆ ಹಳೆಯ ಇಳಕಲ್ ಸೀರೆಯ ಪರದೆ ಮಾಡಿಕೊಂಡಿದ್ದಳು. ಅವಳ ತಾಯಿಯ ಸೀರೆ. ಸೀರೆಯ ಅಗಲವನ್ನೇ ಪರದೆಯ ಉದ್ದವಾಗಿ ಇಳಿಬಿಟ್ಟು, ಕೆಂಪು ಅಂಚು ಕೆಳಗೆ ಬರುವ ಹಾಗೆ ಚೆಂದ ಮಾಡಿ ಹಾಕಿದ್ದಳು. ನಾಲ್ಕು ಬೆರಳು ಉದ್ದವಾಗಿತ್ತು. ನನ್ನ ಬರಹ ಓದಿ, ಬರೆದದ್ದನ್ನು ಬರೆದ ಹಾಗೇ ಪಾಲಿಸಿ, ಆ ಕೆಂಪು ಅಂಚನ್ನೇ ಕತ್ತರಿಸಿಬಿಟ್ಟಳು. ಮರುವಾರ ಆ ಕೆಂಪು ಪಟ್ಟಿಯನ್ನು ಸುರುಳಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟು, ‘ಅಕ್ಕಾ, ಇದನ್ನು ಮತ್ತೆ ಸೇರಿಸಲಿಕ್ಕೆ ಆಗ್ತದಾ?’ ಅಂದಳು. ತಪ್ಪು ಅವಳದ್ದಲ್ಲ, ನನ್ನ ವಾಕ್ಯದ್ದು. ಸೀರೆಗೆ ಅಂಚು ಅಂದರೆ ಅದೇ ತಾನೆ? ನಾನು ಹೇಳಬೇಕೆಂದಿದ್ದದ್ದು ಹೊಲಿದು ಮಡಚಿದ ಕೆಳಭಾಗವನ್ನು. ಆ ಸೀರೆಯ ತುಂಡಿಗೆ ಕೆಳಗಡೆ ಅಂಥ ಮಡಿಕೆಯೇ ಇರಲಿಲ್ಲ, ನೇಯ್ಗೆಯ ಅಂಚಾದ್ದರಿಂದ ಎಳೆ ಬಿಡುವುದಿಲ್ಲ, ಬೇಕಾಗಿಯೂ ಇರಲಿಲ್ಲ. ಅಂಚಿರುವ ಪರದೆಯನ್ನು ಯಾವತ್ತೂ ಮೇಲಿಂದ ಗಿಡ್ಡ ಮಾಡಬೇಕು ಎಂಬ ಒಂದು ಸಾಲು ನಾನು ಬರೆಯಬೇಕಿತ್ತು.

ಅಂದಿನಿಂದ ಈ ಪದದ ಹಿಂದೆ ಬಿದ್ದಿದ್ದೇನೆ. ನಮ್ಮಲ್ಲಿ ‘ಅಂಚು’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಸಂಗತಿಗೆ ದುಡಿಯುತ್ತಿದೆ. ಮಗ್ಗದಲ್ಲೇ ಬಂದ, ಎಳೆ ಬಿಡದ ಗಟ್ಟಿ ಬದಿ ಒಂದು. ಬಣ್ಣದಿಂದಲೋ ಜರಿಯಿಂದಲೋ ಅಂದಕ್ಕಾಗಿ ನೇಯ್ದ ಪಟ್ಟಿ ಇನ್ನೊಂದು. ಕತ್ತರಿಸಿದ ಬದಿ ಎಳೆ ಬಿಡಬಾರದು ಅಂತ ಒಳಗೆ ಮಡಚಿ ಹೊಲಿದದ್ದು ಮೂರನೆಯದು. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಹೆಮ್ ಎಂಬ ಬೇರೆಯೇ ಪದವಿದೆ. ನಮ್ಮ ಟೇಲರುಗಳೂ ‘ಹೆಮ್ಮಿಂಗ್’ ಅಂತಲೇ ಹೇಳುತ್ತಾರೆ, ಆದರೆ ಅವರು ಹೇಳುವ ಹೆಮ್ಮಿಂಗ್ ಕೈಯಲ್ಲಿ ಹಾಕುವ ಹೊಲಿಗೆಯ ಹೆಸರು, ಆ ಮಡಚಿದ ಭಾಗದ ಹೆಸರಲ್ಲ. ‘ಹೆಮ್ಮಿಂಗ್ ಕತ್ತರಿಸಿ’ ಅಂತ ಬರೆದರೆ ಯಾರಿಗೂ ಅರ್ಥವಾಗದು. ಇಲ್ಲಿ ಪೇಟೆಯಲ್ಲಿ ಒಬ್ಬರು ಹಿರಿಯ ಟೇಲರ್ ಇದ್ದಾರೆ, ಬಹಳ ವರ್ಷ ಮುಂಬೈಯಲ್ಲಿ ಕೆಲಸ ಮಾಡಿ ಬಂದವರು. ಅವರನ್ನು ಕೇಳಿದೆ. ‘ತುರ್ಪಾಯಿ’ ಅಂದರು. ಅದು ಹಿಂದಿಯದು, ಅದೂ ಹೊಲಿಗೆಯ ಹೆಸರೇ.

ಈ ನಡುವೆ ಶಿರಸಿಗೆ ಹೋದಾಗ ದೊಡ್ಡಾಯಿ ಹತ್ತಿರ ವಿಷಯ ತೆಗೆದೆ. ಅವಳಿಗೆ ಎಂಬತ್ತು ದಾಟಿದೆ. ಮೆತ್ತಿನ, ಅಂದರೆ ಮಹಡಿಯ, ಕಿಟಕಿಗೆ ನಾನು ಕಾರವಾರದಿಂದ ಒಯ್ದ ಪರದೆ ಒಂದೂವರೆ ಗೇಣು ಉದ್ದವಾಗಿತ್ತು. ಕತ್ತರಿ ತೆಗೆದದ್ದೇ ಅವಳು ಕೈ ಹಿಡಿದಳು. ‘ಕತ್ತರ್ಸಡ. ಎತ್ತಿ ಹೊಲಿ. ಬೇಕಾದಾಗ ಬಿಚ್ಚಲಾಗ್ತು.’ ಕತ್ತರಿಸಬೇಡ, ಎತ್ತಿ ಹೊಲಿ. ಆ ‘ಎತ್ತಿ ಹೊಲಿ’ ಕೇಳಿ ನನಗೆ ತುಂಬ ಸಂತೋಷವಾಯಿತು. ನನ್ನ ನಾಲ್ಕು ಪುಟದ ಅರ್ಧ ಕೆಲಸವನ್ನು ಎರಡು ಮಾತು ಮಾಡಿಬಿಟ್ಟಿತು. ‘ಗಿಡ್ಡ ಮಾಡು’ ಅಂದರೆ ಕತ್ತರಿಸಿಯೂ ಮಾಡಬಹುದು, ಮಡಚಿಯೂ ಮಾಡಬಹುದು. ‘ಎತ್ತಿ ಹೊಲಿ’ ಅಂದರೆ ಬಟ್ಟೆ ಒಂದಿಂಚೂ ಹೋಗುವುದಿಲ್ಲ.

ಇದರ ಜೊತೆಗಾರ ಮಾತು ಇನ್ನೊಂದಿದೆ, ನಿಮಗೆಲ್ಲ ಗೊತ್ತಿದ್ದದ್ದೇ: ‘ಒಳಗೆ ಬಟ್ಟೆ ಬಿಡು’. ಶಾಲೆ ಶುರುವಾಗುವಾಗ ಮಕ್ಕಳ ಯೂನಿಫಾರ್ಮ್ ಹೊಲಿಸಲು ಬರುವ ಎಲ್ಲ ತಾಯಂದಿರೂ ಮೊದಲು ಹೇಳುವುದೇ ಅದು. ‘ಒಳಗೆ ನಾಲ್ಕು ಬೆರಳು ಬಿಡಿ, ಬರುವ ವರ್ಷ ಬಿಚ್ಚಬಹುದು.’ ನೋಡಿ, ಎತ್ತು, ಬಿಡು, ಬಿಚ್ಚು, ಇಳಿಸು, ಎಲ್ಲವೂ ಕ್ರಿಯಾಪದ. ಈ ಕೆಲಸವನ್ನು ನಾವು ಮಾಡಿ ಮಾಡಿ ಹೇಳಿದ್ದೇವೆ, ಮಾಡಿದ ಮೇಲೆ ಉಳಿಯುವ ವಸ್ತುವಿಗೆ ಹೆಸರಿಡಲಿಲ್ಲ. ಆಡುವಾಗ ಏನೂ ತೊಂದರೆ ಇಲ್ಲ, ಕೈಯಲ್ಲಿ ಬಟ್ಟೆ ಹಿಡಿದು ‘ಇದು’ ಅಂದರೆ ಮುಗಿಯಿತು. ಬರೆಯುವಾಗ ‘ಇದು’ ಸಾಲುವುದಿಲ್ಲ.

ಹಾಗಾದರೆ ‘ಮಡಿಕೆ’ ಅನ್ನಬಹುದಲ್ಲ ಎಂದು ನೀವು ಹೇಳುತ್ತೀರಿ. ನಾನೂ ಮೊದಲು ಅಲ್ಲಿಗೇ ಹೋದೆ. ಆದರೆ ಮಡಿಕೆ ಅಂದರೆ ಯಾವ ಮಡಿಕೆಯೂ ಆಗಬಹುದು, ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟ ಸೀರೆಯ ಮಡಿಕೆ ಸಹ. ಧಾರವಾಡದ ಕಡೆಯವರಿಗೆ ಮಡಿಕೆ ಅಂದರೆ ನೇಗಿಲು. ಮಡಿಕೆ, ಮಡಕೆ ಎರಡನ್ನೂ ಕಲಸಿ ಬರೆಯುವವರೂ ಇದ್ದಾರೆ. ಬರೀ ‘ಮಡಿ’ ಅನ್ನೋಣವೆಂದರೆ ಮಡಿ ಮೈಲಿಗೆಯ ಮಡಿ ಅಡ್ಡ ಬರುತ್ತದೆ. ‘ಪರದೆಯ ಮಡಿ’ ಅಂತ ಬರೆದರೆ ನಮ್ಮೂರಲ್ಲಿ ಪರದೆಯನ್ನು ಮಡಿಯಲ್ಲಿ ಒಗೆದು ಹಾಕಿದ್ದು ಅಂದುಕೊಂಡಾರು.

ಆದರೂ ‘ಮಡಿ’ಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಇಮ್ಮಡಿ, ಮುಮ್ಮಡಿ ಎಂಬ ಮಾತುಗಳಲ್ಲಿ ಇರುವುದು ಅದೇ ಮಡಿ. ಇಮ್ಮಡಿ ಅಂದರೆ ಎರಡು ಪಟ್ಟು, ಎರಡು ಮಡಿಕೆ. ಪರದೆಯ ಕೆಳಗಡೆ ನಾವು ಮಾಡುವುದೂ ಇದನ್ನೇ. ಮೊದಲು ಅರ್ಧ ಇಂಚು ಒಳಗೆ ಮಡಚಿ ಇಸ್ತ್ರಿ ತಿಕ್ಕಬೇಕು, ಮತ್ತೆ ಮೂರು ನಾಲ್ಕು ಇಂಚು ಮಡಚಿ ಹೊಲಿಯಬೇಕು. ಕತ್ತರಿಸಿದ ಬದಿ ಮೊದಲ ಮಡಿಕೆಯೊಳಗೆ ಅಡಗಿ ಕೂರುತ್ತದೆ, ಎಳೆ ಹೊರಗೆ ಬರುವುದಿಲ್ಲ. ಪುಲಕೇಶಿಯ ಹೆಸರಿನ ಜೊತೆ ಶಾಲೆಯಲ್ಲಿ ಕಲಿತ ಇಮ್ಮಡಿ ನಮ್ಮ ಮಷಿನಿನ ಸೂಜಿಯ ಕೆಳಗೇ ಇದೆ. ‘ಕೆಳಗಡೆ ಇಮ್ಮಡಿಸಿ ಹೊಲಿಯಿರಿ’ ಅಂತ ಹೊಸ ಬರಹದಲ್ಲಿ ಹಾಕಿದ್ದೇನೆ, ಗುಂಪಿನಲ್ಲಿ ಓದಿದವರಿಗೆ ತಕ್ಷಣ ಹೊಳೆಯಿತು. ಆ ಭಾಗಕ್ಕೆ ‘ಮಡಿಯಂಚು’ ಅಂತ ಸದ್ಯಕ್ಕೆ ಬಳಸಿದ್ದೇನೆ. ನೇಯ್ದದ್ದು ಅಂಚು, ಮಡಚಿ ಮಾಡಿದ್ದು ಮಡಿಯಂಚು. ಇದು ನಾನು ಕಟ್ಟಿದ್ದು, ಯಾವ ದರ್ಜಿಯ ಬಾಯಲ್ಲೂ ಕೇಳಿದ್ದಲ್ಲ. ಆದ್ದರಿಂದಲೇ ನಿಮ್ಮನ್ನು ಕೇಳುತ್ತಿರುವುದು.

‘ಗಿಡ್ಡ’ದ ಬಗ್ಗೆಯೂ ಒಂದು ಮಾತು. ಪರಿಷ್ಕರಿಸುವಾಗ ಗುಂಪಿನ ಒಬ್ಬರು ‘ಮೋಟು ಮಾಡುವುದು’ ಅಂತ ಹಾಕಿ ಅಂದರು. ನನಗೆ ಕಿವಿಗೆ ಸರಿಬರಲಿಲ್ಲ. ಮೋಟು ಜಡೆ, ಮೋಟು ಬೀಡಿ, ಮೋಟು ಪೆನ್ಸಿಲ್ ಅನ್ನುವಾಗ ಅಲ್ಲಿ ತುಂಡಾದ, ಸವೆದುಹೋದ ಭಾವ ಇದೆ. ಅಳತೆಗೆ ತಕ್ಕಂತೆ ಹೊಂದಿಸಿದ್ದು ಮೋಟಲ್ಲ. ‘ಚಿಕ್ಕದು ಮಾಡು’ ಅಂದರೆ ಅಗಲವೋ ಉದ್ದವೋ ತಿಳಿಯದು. ಗಿಡ್ಡವೇ ಇರಲಿ ಅಂತ ಉಳಿಸಿಕೊಂಡೆ.

ಇನ್ನು ‘ಪರದೆ’. ಇದು ಪಾರಸಿಯಿಂದ ಬಂದದ್ದು. ಮರಾಠಿಯಲ್ಲಿ ಪಡದಾ, ಇಲ್ಲಿಯ ಕೊಂಕಣಿಯಲ್ಲಿ ಪಡದೊ. ಹಾಗಾಗಿ ನಮ್ಮ ಗುಂಪಿನ ಎಲ್ಲರಿಗೂ ಸಲೀಸು. ಅಚ್ಚಗನ್ನಡದ ‘ತೆರೆ’ ಹಾಕಿದರೆ ಹೇಗೆ ಎಂದು ನೋಡಿದೆ. ‘ತೆರೆಯನ್ನು ತೆರೆಯಿರಿ’ ಅಂತ ಬರೆಯಬೇಕಾಗುತ್ತದೆ. ಈ ಎರಡು ತೆರೆಗಳು ಹುಟ್ಟಿನಲ್ಲಿ ಬೇರೆ ಬೇರೆ. ಬಾಗಿಲು ತೆರೆಯುವ ತೆರೆ ಹಳಗನ್ನಡದಲ್ಲಿ ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ ‘ತೆಱೆ’, ತಮಿಳಿನ ತಿಱ. ಮರೆ ಮಾಡುವ ತೆರೆ ಸಾದಾ ರೇಫದ್ದು, ತಮಿಳಿನ ತಿರೈ, ತೆಲುಗಿನ ತೆರ. ಶಕಟರೇಫ ಬಿಟ್ಟುಹೋದ ಮೇಲೆ ಮುಚ್ಚುವುದೂ ತೆರೆ, ಬಿಚ್ಚುವುದೂ ತೆರೆ ಆಗಿ ನಿಂತಿದೆ.

ಸಮುದ್ರದ ಅಲೆಗೂ ತೆರೆ ಅನ್ನುತ್ತೇವೆ, ಮುಪ್ಪಿನ ಸುಕ್ಕಿಗೂ. ‘ತೆರೆ ಗಲ್ಲಕೆ’ ಎಂಬ ಬಸವಣ್ಣನವರ ಮಾತು ಎಲ್ಲರಿಗೂ ನೆನಪಿರುತ್ತದೆ. ಅಲೆ, ಸುಕ್ಕು, ತೂಗುವ ಬಟ್ಟೆ ಮೂರರಲ್ಲೂ ಕಣ್ಣಿಗೆ ಕಾಣುವ ರೂಪ ಒಂದೇ, ಎದ್ದು ಇಳಿಯುವ ಮಡಿಕೆ. ಬೆಳಿಗ್ಗೆ ಕಿಟಕಿಯ ಪರದೆ ಸರಿಸುವ ಮೊದಲು ಗಾಳಿಗೆ ಅದು ಉಬ್ಬಿ ಇಳಿಯುವುದನ್ನೂ, ಆಚೆ ಸಮುದ್ರವನ್ನೂ ಒಟ್ಟಿಗೆ ನೋಡುತ್ತ ಈ ಪದ ಎಷ್ಟು ಸರಿಯಾಗಿದೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೂ ಮನೆಬಳಕೆಯಲ್ಲಿ ತೆರೆ ಉಳಿದಿಲ್ಲ. ಯಕ್ಷಗಾನದಲ್ಲಿ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ತೆರೆ ಇದೆ, ನಾಟಕಕ್ಕೆ ತೆರೆ ಬೀಳುತ್ತದೆ. ಕಿಟಕಿಗೆ ಮಾತ್ರ ಪರದೆ, ಇಲ್ಲವೇ ಕರ್ಟನ್. ಪರದೆ ಅಂತಲೇ ಬಿಟ್ಟಿದ್ದೇನೆ.

ಬಟ್ಟೆಯ ಗುಣ ಹೇಳುವ ಮಾತುಗಳು ಚೆನ್ನಾಗಿ ಒದಗಿ ಬಂದವು. ಹತ್ತಿ ಬಟ್ಟೆಯನ್ನು ಮೊದಲು ಒಂದು ಸಲ ನೀರಿಗೆ ಹಾಕಿ ಒಣಗಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ‘ಕುಗ್ಗುತ್ತದೆ’. ಒಣಗಿದ್ದನ್ನು ಒಂದೆರಡು ದಿನ ರಾಡಿಗೆ ತೂಗುಬಿಟ್ಟರೆ ತನ್ನ ಭಾರಕ್ಕೇ ಸ್ವಲ್ಪ ‘ಇಳಿಯುತ್ತದೆ’. ಇಳಿದ ಮೇಲೆ ಎಡ, ನಡು, ಬಲ ಮೂರು ಕಡೆ ಅಳತೆ ತೆಗೆಯಬೇಕು, ಹಳೆ ಮನೆಯ ನೆಲ ಒಂದೇ ಸಮ ಇರುವುದಿಲ್ಲ. ನೆಲದಿಂದ ಒಂದು ಬೆರಳು ಮೇಲೆ ನಿಲ್ಲಿಸಿದರೆ ಶೀತ ಏರದು. ಗಾಳಿಗೆ ಹಾರುವ ತೆಳು ಪರದೆಗೆ ಕೆಳಗಿನ ಮಡಿಕೆಯ ಎರಡು ಮೂಲೆಯೊಳಗೆ ಏನಾದರೂ ಭಾರ ಸೇರಿಸಿ ಹೊಲಿಯುತ್ತಾರೆ. ಬೀಸುಬಲೆಯ ಸುತ್ತಂಚಿಗೆ ಸೀಸದ ಗುಂಡು ಪೋಣಿಸಿದ ಹಾಗೆ ಅಂದಾಗ ಮೀನುಗಾರರ ಮನೆಯ ಹೆಂಗಸರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಪದ ಒಂದಿದೆ. ಎತ್ತಿ ಹೊಲಿದದ್ದನ್ನು ಎರಡು ಮೂರು ವರ್ಷ ಬಿಟ್ಟು ಬಿಚ್ಚಿ ಇಳಿಸಿದಾಗ, ಮಡಚಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ. ಗೆರೆಯ ಮೇಲ್ಭಾಗ ಬಿಸಿಲಿಗೆ ಮಾಸಿರುತ್ತದೆ, ಕೆಳಗೆ ಇಷ್ಟು ದಿನ ಒಳಗಿದ್ದ ಬಟ್ಟೆಯ ಬಣ್ಣ ಹೊಸತರ ಹಾಗೇ ಇರುತ್ತದೆ. ಗೆರೆಯ ಉದ್ದಕ್ಕೂ ಸೂಜಿ ಚುಚ್ಚಿದ ಸಣ್ಣ ಸಣ್ಣ ತೂತು. ನಾನು ಆರನೇ ತರಗತಿಗೆ ಹೋಗುವಾಗ ಹಾಕುತ್ತಿದ್ದ ನೀಲಿ ಲಂಗದಲ್ಲಿ ಇಂಥ ಎರಡು ಗೆರೆ ಇದ್ದವು. ಅಕ್ಕನಿಗೆ ಒಂದು ಸಲ ಇಳಿಸಿದ್ದು, ನನಗೆ ಒಂದು ಸಲ. ಆಯಿ ಎಷ್ಟು ಇಸ್ತ್ರಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಆ ಗೆರೆಗೆ ಅವಳು ಏನೋ ಹೇಳುತ್ತಿದ್ದಳು, ಆ ಮಾತು ನನಗೆ ನೆನಪಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ. ದೊಡ್ಡಾಯಿಗೂ ಗೊತ್ತಾಗಲಿಲ್ಲ.

ಹಾಗಾಗಿ ಕೇಳುವುದು ಮೂರು. ನಿಮ್ಮ ಊರಿನ ದರ್ಜಿಗಳು, ಮನೆಯ ಹಿರಿಯರು ಮಡಚಿ ಹೊಲಿದ ಕೆಳಭಾಗಕ್ಕೆ ಏನಂತಾರೆ? ‘ಮಡಿಯಂಚು’ ಓದಿದಾಗ ನಿಮಗೆ ಮೊದಲು ಏನು ಹೊಳೆಯಿತು? ಬಿಚ್ಚಿ ಇಳಿಸಿದ ಮೇಲೆ ಉಳಿಯುವ ಆ ಗೆರೆಗೆ ನಿಮ್ಮಲ್ಲಿ ಹೆಸರಿದೆಯೆ? ಯಾವ ಊರಿನ, ಯಾರ ಮನೆಯ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಘಟ್ಟದ ಮೇಲಿನ ಸಿದ್ದಾಪುರ, ಯಲ್ಲಾಪುರ, ಹಳಿಯಾಳದವರು ವಿಶೇಷವಾಗಿ ಬರೆಯಬೇಕು. ತಿದ್ದಿದ ಬರಹವನ್ನು ಬರುವ ತಿಂಗಳು ಮತ್ತೆ ಜೆರಾಕ್ಸ್ ಮಾಡಿಸುತ್ತೇನೆ, ಆ ಜಾಗ ಅಲ್ಲಿಯವರೆಗೆ ಖಾಲಿ ಬಿಟ್ಟಿರುತ್ತೇನೆ.

ಆ ಕೆಂಪು ಅಂಚನ್ನು ಪರದೆಗೆ ಮತ್ತೆ ಸೇರಿಸಿ ಕೊಟ್ಟಿದ್ದೇನೆ. ಜೋಡಿಸಿದ ಹೊಲಿಗೆ ಹತ್ತಿರ ಹೋದರೆ ಕಾಣುತ್ತದೆ.