ಊರ ಗುಡಿ, ಅಗಸಿ, ಹುಡೇವು ಯಾವ ಕಾಲದ್ದು ಅಂತ ತಿಳಿಯೋದು ಹ್ಯಾಂಗ?

ಪ್ರಶ್ನೆ (ಯಲಬುರ್ಗಾ ಕಡೆಯಿಂದ)

ಪಂಚಾಯ್ತಿಗೆ ಊರಿನ ಇತಿಹಾಸ ಬರೆದುಕೊಡಬೇಕಾಗೇದ. ಒಂದು ಈಶ್ವರ ಗುಡಿ, ಅರ್ಧ ಬಿದ್ದ ಅಗಸಿ (ಊರ ಹೆಬ್ಬಾಗಿಲು), ಒಂದು ಹುಡೇವು (ಕಾವಲು ಬುರುಜು) ಅದಾವ. ಗುಡಿ ಮುಂದಿನ ಶಾಸನದಾಗ ‘ಚಾಳುಕ್ಯ ವಿಕ್ರಮ ವರ್ಷದ’ ಅನ್ನೋದಷ್ಟು ಕಾಣತದ, ಉಳಿದದ್ದರ ಮ್ಯಾಲ ಸುಣ್ಣ ಕೂತದ. ತೊಳಿಯೋದು ಹ್ಯಾಂಗ? ಗುಡಿ ಕಾಲ ಅದರಿಂದ ಸಿಗತದೇನು?

ಉತ್ತರ 1 (ಕೊಪ್ಪಳ)

ಸುಣ್ಣ ಕೆರೀಬ್ಯಾಡ್ರಿ. ಆಸಿಡ್, ತಂತಿ ಬ್ರಷ್, ಉಳಿ ಯಾವುದೂ ಬ್ಯಾಡ. ಬಳಪದ ಕಲ್ಲಾದ್ರ ಅಕ್ಷರದ ಅಂಚೇ ಸವೆದು ಹೋಗತದ. ಧೂಳು ಇದ್ರ ಬರೀ ನೀರು, ಮೆತ್ತನ್ನ ನೈಲಾನ್ ಬ್ರಷ್ ಸಾಕು.

ಕತ್ತಲಾದ ಮ್ಯಾಲ ಟಾರ್ಚ್ ಕಲ್ಲಿಗೆ ಒರಗಿಸಿದಂಗ ಪಕ್ಕದಿಂದ ಹಿಡೀರಿ. ಎಡ, ಬಲ, ಮ್ಯಾಲ, ಕೆಳಗ ಹೀಂಗ ನಾಲ್ಕೂ ಕಡೆ ಬೆಳಕು ಬದಲಿಸಿ ಒಂದೊಂದು ಫೋಟೊ ತಗೀರಿ. ಹಗಲಾಗ ಕಾಣದ ಒತ್ತಕ್ಷರ ನೆರಳಿನಾಗ ಎದ್ದು ಕಾಣತಾವ. ಪಡಿಯಚ್ಚು (ಹಸಿ ಕಾಗದ ಕಲ್ಲಿಗೆ ಒತ್ತಿ, ಮಸಿ ಬಡಿದು ತೆಗೆಯೋ ಅಕ್ಷರದ ನಕಲು) ಗೊತ್ತಿದ್ದವರ ಕೈಲೇ ತೆಗಸ್ರಿ: ಕಾಗದ ಹಸಿ ಇದ್ದಾಗ ಮಸಿ ಬಡಿದ್ರ ಹರಡತದ, ಪೂರ್ತಿ ಒಣಗಿದ್ರ ಕಾಗದ ಕಲ್ಲು ಬಿಟ್ಟು ಏಳತದ. ಸಂರಕ್ಷಿತ ಸ್ಮಾರಕ ಆದ್ರ ಇಲಾಖೆ ಅನುಮತಿ ಬೇಕು.

ಚಾಳುಕ್ಯ ವಿಕ್ರಮ ವರ್ಷ ಅಂದ್ರ ಆರನೆಯ ವಿಕ್ರಮಾದಿತ್ಯ 1076ರಿಂದ ಶುರು ಮಾಡಿದ ಎಣಿಕೆ. ವರ್ಷದ ಅಂಕಿ ಸಿಕ್ಕ ಮ್ಯಾಲ ಅದಕ್ಕ 1075 ಕೂಡಿಸ್ರಿ. 37ನೆಯ ವರ್ಷ ಅಂದ್ರ ಕ್ರಿ.ಶ. 1112. ಸಂವತ್ಸರದ ಹೆಸರಿನಿಂದ ತಾಳೆ ನೋಡ್ರಿ: 1112ರಿಂದ 78 ಕಳೆದ್ರ ಶಕ 1034. ಅದಕ್ಕ 12 ಕೂಡಿಸಿ 60ರಿಂದ ಭಾಗಿಸಿದ್ರ ಉಳಿಯೋದು 26, ಪ್ರಭವದಿಂದ ಎಣಿಸಿದ್ರ 26ನೆಯದು ನಂದನ. ಹೆಸರು ಕೂಡಲಿಲ್ಲ ಅಂದ್ರ ಅಂಕಿ ತಪ್ಪು ಓದೀರಿ, ಇಲ್ಲಾ ಗತ (ಮುಗಿದ) ವರ್ಷ, ವರ್ತಮಾನ (ನಡೆಯೋ) ವರ್ಷದ ಫರಕು ಇರತದ. ಪುಷ್ಯ, ಮಾಘ, ಫಾಲ್ಗುಣದ ತಿಥಿ ಆದ್ರ ಇಸವಿ ಒಂದು ಮುಂದಕ್ಕ ಹೋಗಬಹುದು.

ಉತ್ತರ 2 (ರಾಯಚೂರು)

ಲೆಕ್ಕ ಸರಿ. ಆದರೆ ಅದು ಕಲ್ಲಿನ ಕಾಲ, ಗುಡಿಯ ಕಾಲ ಅಲ್ಲ. ಊರಿನ ಇತಿಹಾಸಗಳು ಹೆಚ್ಚಾಗಿ ಎಡವುವುದು ಇಲ್ಲೇ. ನಂದಾದೀವಿಗೆಗೆ ಎಣ್ಣೆ, ಪೂಜೆಗೆ ಇಷ್ಟು ಮತ್ತರು (ಹಳೆಯ ಭೂಮಿ ಅಳತೆ) ಭೂಮಿ ಎಂದಿದ್ದರೆ ಅದು ದತ್ತಿ. ಗುಡಿ ಅದಕ್ಕಿಂತ ಹಳೆಯದಿರಬಹುದು. ‘ಖಂಡಸ್ಫುಟಿತ ಜೀರ್ಣೋದ್ಧಾರ’ (ಒಡೆದು ಬಿರಿದದ್ದರ ದುರಸ್ತಿ) ಎಂಬ ಮಾತು ಕಂಡ ಕೂಡಲೇ ಆಗ ಗುಡಿ ಬಿದ್ದಿತ್ತು ಅಂತ ಬರೆಯಬೇಡಿ, ಹೊಸ ಗುಡಿಯ ದತ್ತಿಯಲ್ಲೂ ಅದು ವಾಡಿಕೆಯಾಗಿ ಬರುತ್ತದೆ. ‘ಮಾಡಿಸಿದ’ ಎಂದು ನೇರವಾಗಿ ಇದ್ದರೆ ಮಾತ್ರ ಕಟ್ಟಿದ ವರ್ಷ. ನಿಮ್ಮ ಹತ್ತಿರದ ಇಟಗಿಯ ಮಹಾದೇವ ಗುಡಿಯೇ ಇದಕ್ಕೆ ಉದಾಹರಣೆ: ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ, ‘ದೇವಾಲಯ ಚಕ್ರವರ್ತಿ’ ಎಂದು ಹೊಗಳುತ್ತದೆ.

ಆಮೇಲೆ ಕಂಬ ನೋಡಿ. ತಿರುಗಣಿಯಲ್ಲಿ ಕಡೆದ ನುಣುಪಾದ ದುಂಡು ಕಂಬ ಕಲ್ಯಾಣ ಚಾಲುಕ್ಯರ ಕಾಲದ ಗುರುತು. ಕಣಶಿಲೆಯ (ಗ್ರಾನೈಟ್) ಚೌಕ ಕಂಬ, ಮುಖದ ಮೇಲೆ ಸಣ್ಣ ಸಣ್ಣ ಉಬ್ಬುಶಿಲ್ಪ ಇದ್ದರೆ ಬಹುಮಟ್ಟಿಗೆ ವಿಜಯನಗರ ಕಾಲದ್ದು. ಎರಡೂ ಒಂದೇ ಮಂಟಪದಲ್ಲಿದ್ದರೆ ಬೇರೆ ಗುಡಿಯ ಕಲ್ಲು ತಂದು ಸೇರಿಸಿರಬಹುದು. ಅಳತೆ ಹೊಂದದ್ದಕ್ಕೆ ಕಂಬದ ಕೆಳಗೆ ಚಪ್ಪಡಿ ತುಂಡು ಇಟ್ಟಿರುತ್ತಾರೆ, ಅದನ್ನು ಹುಡುಕಿ.

ಉತ್ತರ 3 (ಬಳ್ಳಾರಿ)

ಕಲ್ಲು ಮುಟ್ಟುವ ಮೊದಲೇ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕೊಪ್ಪಳ ಜಿಲ್ಲೆಯ ಶಾಸನ ಸಂಪುಟದಲ್ಲಿ ಊರ ಹೆಸರು ನೋಡಿ. ಪಾಠ ಅಚ್ಚಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಹಳೆಯ ದಫ್ತರ ಉರ್ದುವಿನಲ್ಲಿ ಸಿಗಬಹುದು, ಓದುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಬಳ್ಳಾರಿಯ ಕಾಗದ ಮದ್ರಾಸಿನ ಕಡೆಯದು, ಅದರಲ್ಲಿ ನಿಮ್ಮ ಊರು ಹುಡುಕಿ ಸಮಯ ಕಳೆಯಬೇಡಿ.

ಹುಡೇವಿಗೆ ಕೋವಿಕಂಡಿ (ಬಂದೂಕು ಹಾರಿಸುವ ಕಿಂಡಿ) ಇದ್ದರೆ ಅದು ಬಂದೂಕು ಬಂದ ಮೇಲಿನದು, ಚಾಲುಕ್ಯರ ಲೆಕ್ಕಕ್ಕೆ ಸೇರಿಸಬೇಡಿ. ಅಗಸಿಗೆ ಯಾರಾದರೂ ಸಿಮೆಂಟ್ ಮೆತ್ತಲು ಹೊರಟಿದ್ದರೆ ಈಗಲೇ ತಡೆಯಿರಿ. ಒಳಗೆ ಮಣ್ಣಿನ ಗಾರೆ ಇದ್ದರೆ ಮಳೆನೀರು ಹೊರಬರಲು ದಾರಿ ಇಲ್ಲದೆ ಗೋಡೆ ಹೊಟ್ಟೆ ಉಬ್ಬಿ ಸಿಡಿಯುತ್ತದೆ. ಸುಣ್ಣದ ಗಾರೆಯೇ ಆಗಬೇಕು, ಅದೂ ಅಳತೆ, ಫೋಟೊ ಮುಗಿದ ಮೇಲೆ.